ಕುದುರೆಯ ಋಣ

ಮನುಷ್ಯನು ಸತ್ತರೆ ನಮ್ಮಲ್ಲಿ ದುಃಖಕ್ಕೆ ಒಂದು ಕ್ರಮವಿದೆ. ಹತ್ತು ದಿನದ ಸೂತಕ, ಬಂದು ಕುಳಿತು ಹೋಗುವ ನೆಂಟರು, ವರ್ಷಕ್ಕೊಮ್ಮೆ ತಿಥಿ. ಬೇರೆ ಮತದವರಲ್ಲಿ ಅವರವರ ವಿಧಿ. ಅಳುವವನಿಗೆ ಅಳಲು ಅವಕಾಶ, ಸಮಾಧಾನ ಹೇಳುವವನಿಗೆ ಸಿದ್ಧವಾಗಿರುವ ನಾಲ್ಕು ಮಾತು. ಸಾಕಿದ ಕುದುರೆ ಸತ್ತರೆ? ನಮ್ಮ ಮನೆಗಳ ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲ. ದುಃಖಪಡುವವನು ಯಾರಾದರೂ ನಕ್ಕಾರೆಂದು ಅಂಜಿ, ಅತ್ತಿತ್ತ ನೋಡಿ ಕಣ್ಣೊರಸಿಕೊಳ್ಳುತ್ತಾನೆ. ಈ ವಿಧಿಯಿಲ್ಲದ ದುಃಖವನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

1968ರ ಮಳೆಗಾಲ. ನನಗೆ ಆಗ ಎಂಟು ವರ್ಷ. ಮೈಸೂರಿನ ರೈಲು ನಿಲ್ದಾಣದಿಂದ ನಮ್ಮ ಕೇರಿಗೆ ಜಟಕಾದಲ್ಲಿ ಬರುತ್ತಿದ್ದೆವು. ಗಾಡಿಯೊಳಗೆ ನಾವು ಐದು ಜನ, ಎರಡು ಟ್ರಂಕು, ಅಜ್ಜನ ಊರಿನಿಂದ ತಂದ ಅಕ್ಕಿಯ ಮೂಟೆ. ಮನೆಯ ಹತ್ತಿರದ ಏರಿನಲ್ಲಿ ಕುದುರೆ ಕಾಲು ಜಾರಿ ಮುಗ್ಗರಿಸಿತು, ಮುಂಗಾಲು ಮುರಿಯಿತು. ಮೂರನೆಯ ದಿನ ಅದು ಸತ್ತ ಸುದ್ದಿ ಬಂತು. ನಮ್ಮ ತಂದೆ ಶಾಲೆಯ ಮೇಷ್ಟರು. ಕೈಯಲ್ಲಿದ್ದ ಐವತ್ತು ರೂಪಾಯಿಯನ್ನು ತೆಗೆದುಕೊಂಡು ಜಟಕಾ ಸಾಹೇಬರ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. 'ಇನ್ನೊಂದು ಕುದುರೆ ಕೊಳ್ಳುವಾಗ ಒದಗಲಿ' ಎಂದರು ತಂದೆ. ಸಾಹೇಬರು ಹಣವನ್ನು ಮುಟ್ಟಲಿಲ್ಲ.

'ನಾನು ಅದಕ್ಕೆ ಹುಲ್ಲು ಹಾಕಿ ಸಾಕಿದೆ ಅಂತಾರೆ ಎಲ್ಲರೂ, ಮೇಷ್ಟ್ರೇ. ಹದಿನಾಲ್ಕು ವರ್ಷ ನನ್ನ ಮಕ್ಕಳು ತಿಂದದ್ದು ಅದರ ಅನ್ನ. ಒಂದು ದಿನ ಆಗೋದಿಲ್ಲ ಅಂತ ಹೇಳಲಿಲ್ಲ ಅದು. ಹೇಳಿದ್ದರೂ ನಾನು ಕೇಳ್ತಿದ್ದೆನೋ ಇಲ್ಲವೋ.'

ಸಾಹಿತ್ಯವನ್ನು ಓದಿ, ಓದಿಸಿ ನಾಲ್ಕು ದಶಕ ಕಳೆದ ಮೇಲೂ ಕುದುರೆಯ ಸಾವಿನ ಶೋಕಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ದೊರೆತಿಲ್ಲ. ಅದು ಬರಿಯ ಅಗಲಿಕೆಯ ದುಃಖವಲ್ಲ. ತೀರಿಸಲಾರದ ಋಣದ ದುಃಖ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬಾಳಬಲ್ಲ ಪ್ರಾಣಿ. ಅಂದರೆ ಮನುಷ್ಯನ ದುಡಿಮೆಯ ಆಯುಸ್ಸಿನ ಬಹುಪಾಲು ಅದು ಜೊತೆಗಿರಬಹುದು. ನಾಯಿ ನಮ್ಮೊಡನೆ ಇರುತ್ತದೆ. ಕುದುರೆ ನಮ್ಮನ್ನು ಹೊರುತ್ತದೆ. ಸವಾರನ ತೊಡೆಯ ಬಿಗಿ, ಲಗಾಮಿನ ಸಣ್ಣ ಎಳೆತ, ಇಷ್ಟರಿಂದಲೇ ಅವನ ಮನಸ್ಸನ್ನು ಅರಿತು ನಡೆಯುತ್ತದೆ. ಅದರ ಮೈಬಲಕ್ಕೆ ಹೋಲಿಸಿದರೆ ಕಾಲು ಬಹಳ ನಾಜೂಕು. ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲ, ಎಲುಬು ಮತ್ತು ನರ ಮಾತ್ರ. ಬಹುಕಾಲ ಮಲಗಿಕೊಂಡಿದ್ದು ಗುಣವಾಗುವ ಪ್ರಾಣಿಯೂ ಅದಲ್ಲ. ಆದಕಾರಣ ಕಾಲು ಕೆಟ್ಟದಾಗಿ ಮುರಿದರೆ ವೈದ್ಯರು ಅನೇಕವೇಳೆ ಸುಖಮರಣವನ್ನೇ ಸೂಚಿಸುತ್ತಾರೆ. ಆಗಲಿ ಎಂದು ಹೇಳಬೇಕಾದವನು ಯಾರು? ಅದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನೇ. ಋಣದ ಮೇಲೆ ಇದೂ ಒಂದು ಭಾರ.

ಈ ಭಾರವನ್ನು ನಮ್ಮ ದೇಶದಲ್ಲಿ ಅತ್ಯಂತ ಸೂಕ್ಷ್ಮವಾಗಿ ಕಂಡವನು ಅಶ್ವಘೋಷ, ಸುಮಾರು ಕ್ರಿ.ಶ. ಒಂದು-ಎರಡನೆಯ ಶತಮಾನಗಳ ಸಂಧಿಯಲ್ಲಿದ್ದ ಕವಿ. ಹೆಸರಿನಲ್ಲಿಯೇ ಕುದುರೆಯ ದನಿಯಿದೆ. ಹಸಿದ ಕುದುರೆಗಳು ಮುಂದಿಟ್ಟ ಮೇವನ್ನು ಬಿಟ್ಟು ಇವನ ಉಪದೇಶವನ್ನು ಕೇಳಿ ಕಣ್ಣೀರಿಟ್ಟವೆಂದೂ ಅದರಿಂದ ಈ ಹೆಸರು ಬಂತೆಂದೂ ಚೀನೀ ಪರಂಪರೆಯ ಒಂದು ಐತಿಹ್ಯ. ಐತಿಹ್ಯವನ್ನು ನಂಬಲೇಬೇಕಾಗಿಲ್ಲ. ಆದರೆ 'ಬುದ್ಧಚರಿತ'ವನ್ನು ಓದಿದವರಿಗೆ ಅಂತಹ ಕಥೆ ಏಕೆ ಹುಟ್ಟಿತೆಂಬುದು ತಿಳಿಯುತ್ತದೆ.

ಸಿದ್ಧಾರ್ಥನು ಅರಮನೆ ಬಿಟ್ಟು ಹೊರಟದ್ದು ಕಂಥಕನೆಂಬ ಕುದುರೆಯ ಮೇಲೆ. ಕಾವ್ಯದ ಆರನೆಯ ಸರ್ಗದಲ್ಲಿ ಅವನು ತನ್ನ ಸೂತ ಛಂದಕನನ್ನೂ ಕುದುರೆಯನ್ನೂ ಹಿಂದಕ್ಕೆ ಕಳುಹಿಸುತ್ತಾನೆ. ಕಂಥಕ ಒಡೆಯನ ಪಾದಗಳನ್ನು ನಾಲಗೆಯಿಂದ ನೆಕ್ಕಿ ಬಿಸಿಗಣ್ಣೀರು ಸುರಿಸುತ್ತದೆ. ಸಿದ್ಧಾರ್ಥ ಅದರ ಮೈ ತಡವಿ, ಸರಿಸಮನಾದ ಗೆಳೆಯನೊಡನೆಂಬಂತೆ ಮಾತನಾಡುತ್ತಾನೆ: ಅಳಬೇಡ, ಒಳ್ಳೆಯ ಕುದುರೆಯ ಗುಣವನ್ನು ತೋರಿಸಿರುವೆ, ನಿನ್ನ ಶ್ರಮ ಬೇಗ ಸಫಲವಾಗುತ್ತದೆ ಎಂಬ ಅರ್ಥದ ಮಾತು. ಹೆಂಡತಿ ಮಗುವನ್ನು ಬಿಟ್ಟು ಬಂದವನು, ಕುದುರೆಗೆ ಮಾತ್ರ ಎದುರಿಗೆ ನಿಂತು ವಿದಾಯ ಹೇಳಿದ!

ಎಂಟನೆಯ ಸರ್ಗ ಇನ್ನೂ ದಾರುಣ. ಒಡೆಯನನ್ನು ಹೊತ್ತು ಒಂದೇ ರಾತ್ರಿಯಲ್ಲಿ ಸಾಗಿದ ದಾರಿ, ಬರಿದಾದ ಬೆನ್ನಿನಿಂದ ಹಿಂದಿರುಗುವಾಗ ಎಂಟು ದಿನ ಹಿಡಿಯಿತೆಂದು ಕವಿ ಹೇಳುತ್ತಾನೆ. ಕುದುರೆ ಹಸಿದಿದ್ದರೂ ಹುಲ್ಲು ನೀರುಗಳನ್ನು ಮೊದಲಿನಂತೆ ಮುಟ್ಟದು. ಕಾಡಿನ ಕಡೆಗೆ ತಿರುಗಿ ತಿರುಗಿ ಕೆನೆಯುತ್ತದೆ. ರಾಜಕುಮಾರ ಮರಳಿದನೆಂದು ನಗರದ ಹೆಂಗಸರು ಕಿಟಕಿಗಳಿಗೆ ಓಡಿಬರುತ್ತಾರೆ; ಬರಿಯ ಬೆನ್ನನ್ನು ಕಂಡು ಕಿಟಕಿ ಮುಚ್ಚಿ ಅಳುತ್ತಾರೆ. ಯಶೋಧರೆಯ ಕೋಪ ಕುದುರೆಯ ಮೇಲೂ. ಕಳ್ಳನಂತೆ ಇರುಳಿನಲ್ಲಿ ನನ್ನ ಸರ್ವಸ್ವವನ್ನೂ ಒಯ್ದಿತು. ಆಗ ಮೂಕವಾಗಿದ್ದುದು ಈಗ ಅರಮನೆ ತುಂಬ ಏಕೆ ಕೆನೆಯುತ್ತಿದೆ ಎಂದು ಕೇಳುತ್ತಾಳೆ. ಅಂದು ದೇವತೆಗಳೇ ಅದರ ದನಿಯನ್ನು ಅಡಗಿಸಿದ್ದರೆಂದು ಛಂದಕ ಸಮಾಧಾನ ಹೇಳುತ್ತಾನೆ. ಶುದ್ಧೋದನನಂತೂ ಕುದುರೆಯನ್ನೇ ಬೇಡಿಕೊಳ್ಳುತ್ತಾನೆ: ಅವನಿರುವಲ್ಲಿಗೆ ನನ್ನನ್ನು ಒಯ್ಯಿ, ಇಲ್ಲವೇ ಅವನನ್ನು ಕರೆದು ತಾ.

ಇಲ್ಲಿ ಕುದುರೆಯ ತಪ್ಪೇನು? ಹೇಳಿದಂತೆ ಕೇಳಿತು, ಅಷ್ಟೆ. ಆ ವಿಧೇಯತೆಗಾಗಿ ಒಬ್ಬನಿಂದ ಮೆಚ್ಚುಗೆ, ಉಳಿದವರಿಂದ ನಿಂದೆ. ಪಾಲಿಯ ನಿದಾನಕಥೆಯಲ್ಲಿ ಕಂಥಕ ಮರಳಿ ಊರು ಸೇರುವುದೇ ಇಲ್ಲ. ಒಡೆಯ ಕಣ್ಮರೆಯಾಗುತ್ತಲೇ ಎದೆಯೊಡೆದು ಸತ್ತು, ದೇವಲೋಕದಲ್ಲಿ ಹುಟ್ಟುತ್ತದೆ. ಭಕ್ತರಿಗೆ ಇದು ಸಮಾಧಾನಕರವಾದ ಮುಕ್ತಾಯ. ನನಗಾದರೋ ಅಶ್ವಘೋಷನದೇ ಹೆಚ್ಚು ನಿಜವೆನಿಸುತ್ತದೆ: ಬದುಕಿ, ಹಿಂದಿರುಗಿ, ಎಲ್ಲರ ಎದುರಿಗೆ ಬರಿಬೆನ್ನಿನಲ್ಲಿ ನಿಲ್ಲಬೇಕಾದ ಕುದುರೆ.

ಅರಸರಿಗೆ ಈ ಋಣವನ್ನು ತೀರಿಸುವ ಬೇರೆ ದಾರಿಗಳಿದ್ದವು. ಅಲೆಕ್ಸಾಂಡರನ ಬುಕೆಫಲಸ್ ಕ್ರಿ.ಪೂ. 326ರಲ್ಲಿ, ನಮ್ಮ ಜೇಲಂ ನದಿಯ ದಡದಲ್ಲಿ ಪೋರಸನೊಡನೆ ನಡೆದ ಯುದ್ಧದ ಸಮಯದಲ್ಲಿ ಸತ್ತಿತು. ಗಾಯಗಳಿಂದಲ್ಲ, ಮುಪ್ಪಿನಿಂದಲೂ ದಣಿವಿನಿಂದಲೂ ಎಂದು ಇತಿಹಾಸಕಾರ ಏರಿಯನ್ ಬರೆಯುತ್ತಾನೆ. ಆಗ ಅದಕ್ಕೆ ಮೂವತ್ತು ವರ್ಷವಂತೆ. ತನ್ನ ನೆರಳಿಗೇ ಬೆದರುತ್ತಿದ್ದ ಆ ಕುದುರೆಯನ್ನು ಸೂರ್ಯನ ಕಡೆ ತಿರುಗಿಸಿ ಪಳಗಿಸಿದ ಹುಡುಗ, ಅದರ ಹೆಸರಿನಲ್ಲಿ ನದಿಯ ದಡದಲ್ಲೊಂದು ನಗರವನ್ನೇ ಕಟ್ಟಿಸಿದ. ಒಮ್ಮೆ ಅದು ಕಳುವಾದಾಗ, ಹಿಂದಕ್ಕೆ ಕೊಡದಿದ್ದರೆ ಆ ಸೀಮೆಯ ಜನರನ್ನೆಲ್ಲ ಕೊಲ್ಲಿಸುವೆನೆಂದು ಸಾರಿದವನೂ ಅವನೇ. ಪ್ರೀತಿ ದೊಡ್ಡದು, ನಿಜ. ಅದರ ನೆರಳೂ ದೊಡ್ಡದೇ.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕುದುರೆ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿಯೇ ಉಳಿಯುತ್ತದೆ. ಮೇಲಕ್ಕೆ ಹೋಗುವವನು ಸವಾರ ಮಾತ್ರ. ಪ್ರಾಣಿಗಾಗಿಯೇ ನಿಲ್ಲಿಸಿದ ಕಲ್ಲು ನಮ್ಮಲ್ಲಿ ಇಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಕಲ್ಲು ಕಾಳಿಯೆಂಬ ಬೇಟೆನಾಯಿಯದು. ಗಂಗರ ಬೂತುಗನಿಂದ ಮಣಲೆರನೆಂಬ ವೀರ ಪಡೆದ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿಗೆ ಸಂದ ಈ ಗೌರವ ನಮ್ಮ ಕುದುರೆಗೂ ಸಲ್ಲಬಾರದಿತ್ತೆ ಎಂದು ನಾನು ಆಗಾಗ ಯೋಚಿಸಿದ್ದುಂಟು.

ಈಚಿನ ಕಾಲಕ್ಕೆ ಬರೋಣ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರುಗಳು ಭರ್ಜಿ ಹಿಡಿದು, ಕುದುರೆಯೇರಿ ಗೆದ್ದರು. ಎದುರಿಗೆ ಮೆಷಿನ್ ಗನ್ನುಗಳಿದ್ದವು. ಆ ದಿನ ಸತ್ತ ಸೈನಿಕರು 8. ಸತ್ತ ಕುದುರೆಗಳು 60, ಗಾಯಗೊಂಡವು 83. ದೆಹಲಿಯ ತೀನ್ ಮೂರ್ತಿಯಲ್ಲಿ ಈ ದಳಗಳ ಸ್ಮಾರಕವಿದೆ: ಮೂರು ಕಂಚಿನ ಯೋಧರು, ನೆಲದ ಮೇಲೆ ನಿಂತವರು. ಅಶ್ವಾರೋಹಿಗಳ ಸ್ಮಾರಕದಲ್ಲಿ ಅಶ್ವವಿಲ್ಲ.

ಅದೇ ರಣರಂಗದಲ್ಲಿ ಆಸ್ಟ್ರೇಲಿಯದ ಸವಾರರೂ ಇದ್ದರು. ಆ ಯುದ್ಧಕ್ಕೆಂದು ಅವರ ದೇಶದಿಂದ ಹೊರಗೆ ಹೋದ ಕುದುರೆಗಳು ಒಂದು ಲಕ್ಷಕ್ಕೂ ಹೆಚ್ಚು. ಮರಳಿದ್ದು ಸ್ಯಾಂಡಿ ಎಂಬ ಒಂದೇ ಒಂದು. ಹಡಗಿನ ವೆಚ್ಚ, ರೋಗ ತಂದಾವೆಂಬ ಭಯ, ಇವೇ ಕಾರಣ. ಸತ್ತ ಕುದುರೆಗಾಗಿ ಅಳುವುದು ಒಂದು ಬಗೆ; ಬದುಕಿರುವುದನ್ನು ಪರರ ಕೈಗೆ ಬಿಟ್ಟು ಹಡಗು ಹತ್ತುವುದು ಇನ್ನೊಂದು. ಯುದ್ಧ ಮುಗಿದು ಹನ್ನೆರಡು ವರ್ಷಗಳ ಮೇಲೆ, 1930ರಲ್ಲಿ ಕೈರೋಕ್ಕೆ ಬಂದ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ, ಸೈನ್ಯ ಮಾರಿಹೋಗಿದ್ದ ಕುದುರೆಗಳು ಎಲುಬಿನ ಗೂಡಾಗಿ ಬೀದಿಯಲ್ಲಿ ಗಾಡಿ ಎಳೆಯುತ್ತಿದ್ದುದನ್ನು ಕಂಡಳು. ಪತ್ರಿಕೆಗೆ ಒಂದು ಕಾಗದ ಬರೆದಳು, ಹಣ ಹರಿದುಬಂತು. ಸಾವಿರಗಟ್ಟಲೆ ಕುದುರೆಗಳನ್ನು ಕೊಂಡಳು. ಬಹುಪಾಲು ತೀರ ಜರ್ಜರಿತವಾಗಿದ್ದುದರಿಂದ ಅವುಗಳಿಗೆ ಕೊಡಬಹುದಾಗಿದ್ದುದು ಕೆಲವು ದಿನದ ವಿಶ್ರಾಂತಿ, ಹೊಟ್ಟೆತುಂಬ ಮೇವು, ನೋವಿಲ್ಲದ ಸಾವು. 1934ರಲ್ಲಿ ಅವಳು ಅಲ್ಲಿ ಸ್ಥಾಪಿಸಿದ ಪಶುಚಿಕಿತ್ಸಾಲಯ ಮುಂದೆ ಹಲವು ದೇಶಗಳಲ್ಲಿ, ನಮ್ಮಲ್ಲಿಯೂ, ದುಡಿಯುವ ಕುದುರೆ ಕತ್ತೆಗಳನ್ನು ನೋಡಿಕೊಳ್ಳುವ ಸಂಸ್ಥೆಯಾಗಿ ಬೆಳೆಯಿತು.

ಚೆಕಾವ್ 1886ರಲ್ಲಿ ಬರೆದ ಒಂದು ಕಥೆಯಲ್ಲಿ ಮಗನನ್ನು ಕಳೆದುಕೊಂಡ ಮುದಿ ಗಾಡಿಯವನು ಇಡೀ ಪೀಟರ್ಸ್‌ಬರ್ಗಿನಲ್ಲಿ ಕೇಳುವ ಕಿವಿಯನ್ನು ಕಾಣದೆ, ಕೊನೆಗೆ ತನ್ನ ಕುದುರೆಗೇ ದುಃಖವನ್ನು ತೋಡಿಕೊಳ್ಳುತ್ತಾನೆ. ತರಗತಿಯಲ್ಲಿ ಆ ಕಥೆ ಹೇಳುವಾಗಲೆಲ್ಲ ನನಗೆ ನಮ್ಮ ಸಾಹೇಬರ ನೆನಪು. ಮಗ ಸತ್ತವನಿಗೆ ಕುದುರೆಯಿತ್ತು, ಕುದುರೆಯೇ ಸತ್ತವನಿಗೆ?

ಸಾಹೇಬರು ಆರು ತಿಂಗಳ ಮೇಲೆ ಇನ್ನೊಂದು ಕುದುರೆ ತಂದರು. ಹಳೆಯದರ ಗೆಜ್ಜೆಸರವನ್ನು ಅದಕ್ಕೆ ಕಟ್ಟಲಿಲ್ಲ. ಅದು ಅವರ ಮನೆಯ ಗೋಡೆಯ ಮೊಳೆಯಲ್ಲಿಯೇ ಇತ್ತು. ನಾವು ಮತ್ತೆ ಅವರ ಗಾಡಿ ಹತ್ತಿದ ದಿನ, ಆ ಏರು ಬರುತ್ತಲೇ ಅವರು ಕೆಳಗಿಳಿದು ಲಗಾಮು ಹಿಡಿದು ಕುದುರೆಯ ಪಕ್ಕದಲ್ಲಿ ನಡೆಯತೊಡಗಿದರು. ಯಾರೂ ಏನೂ ಹೇಳಲಿಲ್ಲ. ನಮ್ಮ ತಂದೆ ಪಂಚೆ ಮೇಲೆತ್ತಿ ಕಟ್ಟಿ, ತಾವೂ ಇಳಿದರು. ಅಕ್ಕಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಗಾಡಿಯ ಹಿಂದೆ ಏರು ಹತ್ತಿದರು.