ಸೀಸ: ನಿಯಮ ತಲುಪದ ಕುಲುಮೆಗಳು

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹಿತ್ತಲಿನ ಇದ್ದಿಲ ಒಲೆಯಲ್ಲೂ ಅಷ್ಟು ಶಾಖ ಸಿಗುತ್ತದೆ. ಹಳೆಯ ಬ್ಯಾಟರಿ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಸೀಸವನ್ನು ಕರಗಿಸಿ ಮಾರುವ ಅಕ್ರಮ ದಂಧೆ ಬದುಕಿರುವುದು ಈ ಸುಲಭಸಾಧ್ಯತೆಯಿಂದಲೇ.

ಕಾನೂನಿಗೇನೂ ಕೊರತೆಯಿಲ್ಲ. ಸೀಸದ ವಿಷಬಾಧೆ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಎಂಟು ಗಂಟೆಯ ಪಾಳಿಯಲ್ಲಿ ಘನ ಮೀಟರ್ ಗಾಳಿಗೆ 0.15 ಮಿಲಿಗ್ರಾಂ ಸೀಸ ಎಂಬ ಮಿತಿಯೂ ಅದೇ ಕಾಯ್ದೆಯಡಿ ಬಂತು. ಬ್ಯಾಟರಿಯ ಫಲಕಗಳಿಗೆ ಬಳಸುವ ಸೀಸದ ಆಕ್ಸೈಡ್ ಹಿಟ್ಟಿನಂಥ ಪುಡಿ. ಒಣ ಪೊರಕೆ ತಗುಲಿದರೆ ಸಾಕು, ಗಾಳಿಗೇರುತ್ತದೆ. ಆದ್ದರಿಂದಲೇ ನೆಲವನ್ನು ಒದ್ದೆ ಮಾಡಿ ಒರೆಸಬೇಕು. ಧೂಳು ಹುಟ್ಟುವಲ್ಲೇ ಅದನ್ನು ಹೀರಿಕೊಳ್ಳುವ ವ್ಯವಸ್ಥೆ ಇರಬೇಕು. ಕಾರ್ಮಿಕರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ನಡೆಯಬೇಕು. ಧೂಳಿನ ಕೆಲಸಕ್ಕೆ ಬೆಲ್ಲವೇ ಮದ್ದು ಎಂಬ ಹಳೆಯ ನಂಬಿಕೆ ಇವುಗಳಿಗೆ ಬದಲಿಯಾಗದು. ಕೆಲಸದ ಬಟ್ಟೆಯೂ ಮನೆ ಸೇರಬಾರದು. ಅಪ್ಪನ ಅಂಗಿಗೆ ಅಂಟಿದ ಪುಡಿ ಮಗುವಿನ ರಕ್ತ ಸೇರಿ, ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸಬಲ್ಲದು.

ಇದನ್ನು ದೇಶಕ್ಕೆ ತಿಳಿಹೇಳಿದವರಲ್ಲಿ ಬೆಂಗಳೂರಿನವರು ಮುಂಚೂಣಿಯಲ್ಲಿದ್ದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆಯುವ ಕಾರ್ಯದಲ್ಲಿ ತೊಡಗಿದರು. 1999ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೂ ಈ ನಗರದಲ್ಲೇ ನಡೆಯಿತು. ಮರುವರ್ಷ ದೇಶದ ಪೆಟ್ರೋಲ್ ಸೀಸಮುಕ್ತವಾಯಿತು. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಬಣ್ಣದಲ್ಲಿನ ಸೀಸಕ್ಕೂ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ಬಿತ್ತು.

ಪೆಟ್ರೋಲ್ ಹಾಗೂ ಬಣ್ಣಗಳಲ್ಲಿ ಗೆಲುವು ಸಾಧ್ಯವಾದದ್ದು ತಯಾರಕರು ಕಣ್ಣಿಗೆ ಕಾಣುವಂತಿದ್ದುದರಿಂದ. ಹಿತ್ತಲ ಕುಲುಮೆಗೆ ಬೋರ್ಡಿಲ್ಲ, ಪರವಾನಗಿಯಿಲ್ಲ. ರಕ್ಷಣೆಗೆಂದು ಒಂದು ಪೈಸೆಯನ್ನೂ ವ್ಯಯಿಸದ ಕಾರಣ ಅದು ಹಳೆ ಬ್ಯಾಟರಿಗೆ ಹೆಚ್ಚು ಬೆಲೆ ಕೊಡಬಲ್ಲದು. ನಿಯಮ ಪಾಲಿಸುವ ಘಟಕ ಆ ಪೈಪೋಟಿಯಲ್ಲಿ ಸೋಲುತ್ತದೆ. ಆ ಹೆಚ್ಚುವರಿ ಹಣವನ್ನು ನಿಜವಾಗಿ ತೆರುವವನು ಅಲ್ಲಿ ದುಡಿಯುವ ಕೂಲಿಕಾರ. ನಾನು ವಾಸಿಸುವ ಅಟ್ಟೂರಿನಂಥ ಬಡಾವಣೆಗಳ ಮನೆಮನೆಯ ಇನ್‌ವರ್ಟರ್ ಬ್ಯಾಟರಿಯೂ ಒಂದು ದಿನ ಈ ಪೈಪೋಟಿಯ ಸರಕಾಗುತ್ತದೆ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರನ್ನು ಹೊಣೆಗಾರರನ್ನಾಗಿಸಿವೆ. ಬಳಕೆದಾರರಿಗೂ ಕರ್ತವ್ಯ ವಿಧಿಸಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಂದಾಯಿತ ಘಟಕಗಳ ಕಡತಗಳಾಚೆಗೂ ಕಣ್ಣು ಹಾಯಿಸಬೇಕು. ನಾವು ಹಳೆಯ ಬ್ಯಾಟರಿಯನ್ನು ಅಧಿಕೃತ ಮಾರಾಟಗಾರರಿಗೇ ಒಪ್ಪಿಸಿ ರಸೀದಿ ಪಡೆಯಬೇಕು. ಗುಜರಿಯಲ್ಲಿ ಸಿಗಬಹುದಾದ ನಾಲ್ಕು ಕಾಸನ್ನು ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ.