ದಿನಕ್ಕೊಂದರಂತೆ ಮೂವತ್ತು ವರ್ಷ

ಲೆಕ್ಕ ಹಾಕಿದ್ದು ರಾತ್ರಿ ಹನ್ನೊಂದು ಗಂಟೆಗೆ, ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ. 10,962 ಅನ್ನು 365ರಿಂದ ಭಾಗಿಸಿದೆ. ಮೂವತ್ತು ಬಂತು, ಶೇಷ ಹನ್ನೆರಡು. ನಡುವೆ ಬರುವ ಅಧಿಕ ವರ್ಷಗಳ ದಿನಗಳನ್ನು ಕಳೆದರೆ ಆ ಹನ್ನೆರಡೂ ನಾಲ್ಕೈದಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಸರಿಯಾಗಿ ಮೂವತ್ತು ವರ್ಷ! ದಿನಕ್ಕೊಂದು ಪದ್ಯ ಬಾಯಿಪಾಠ ಮಾಡುತ್ತ ಹೋದರೆ, ಇಪ್ಪತ್ತರಲ್ಲಿ ಶುರುಮಾಡಿದವರು ಐವತ್ತಕ್ಕೆ ಮುಗಿಸಬಹುದು. ಪೆನ್ನು ಕೆಳಗಿಟ್ಟು ಎದ್ದು ಹೋಗಿ ಕಿಟಕಿ ತೆರೆದೆ. ನಿದ್ದೆ ಮಾತ್ರ ಆ ರಾತ್ರಿ ಬರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಬೆಳೆದದ್ದು ಮಂಗಳೂರಿನ ಪ್ರೊಟೆಸ್ಟೆಂಟ್ ಸಭೆಯ ಮನೆಯೊಂದರಲ್ಲಿ. ಬೆಳಿಗ್ಗೆ ಗಂಜಿಗೆ ಕೂರುವ ಮೊದಲು ಒಂದು ವಾಕ್ಯ ಹೇಳಬೇಕಿತ್ತು. ಬೈಬಲಿನ ವಚನಕ್ಕೆ ನಮ್ಮಲ್ಲಿ 'ವಾಕ್ಯ' ಎಂದೇ ಹೆಸರು, ಬೈಬಲಿಗೆ ಸತ್ಯವೇದ. "ಇವತ್ತಿನ ವಾಕ್ಯ ಆಯಿತಾ?" ಎಂದು ಅಮ್ಮ ಒಲೆಯ ಹತ್ತಿರದಿಂದಲೇ ಕೇಳುತ್ತಿದ್ದರು. ಮೊದಲು ಪುಸ್ತಕದ ಹೆಸರು, ಅಧ್ಯಾಯ, ಸಂಖ್ಯೆ, ಆಮೇಲೆ ವಾಕ್ಯ, ಕೊನೆಗೆ ಮತ್ತೊಮ್ಮೆ ಸಂಖ್ಯೆ. ವಾಕ್ಯ ಬಂದು ಸಂಖ್ಯೆ ತಪ್ಪಿದರೆ ಪುನಃ ಮೊದಲಿನಿಂದ. ಭಾನುವಾರ ಸಂಡೇ ಸ್ಕೂಲಿನಲ್ಲಿ ಏಳನ್ನೂ ಒಟ್ಟಿಗೆ ಒಪ್ಪಿಸಬೇಕು. ಲಾಜರನ ಸಮಾಧಿಯ ಬಳಿ ಯೇಸು ಅತ್ತ ಆ ಪುಟ್ಟ ವಾಕ್ಯವನ್ನು ವಾರಕ್ಕೆ ಎರಡು ಸಲ ಸೇರಿಸುವ ಹುಡುಗರಿದ್ದರು. ಇಪ್ಪತ್ಮೂರನೆಯ ಕೀರ್ತನೆಯನ್ನು ಒಂದೇ ಉಸಿರಿಗೆ ಹೇಳುವ ಹುಡುಗಿಯರಿದ್ದರು. ಸತ್ಯವೇದದಲ್ಲಿ ವಾಕ್ಯಗಳು 31,000ಕ್ಕೂ ಮಿಕ್ಕಿ ಇವೆ. ದಿನಕ್ಕೊಂದು ಎಂದರೆ 85 ವರ್ಷ ಬೇಕು. ಇದು ಮುಗಿಯುವ ಕೆಲಸವಲ್ಲ ಎಂದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು, ಹಾಗಾಗಿ ಅವಸರವೂ ಇರಲಿಲ್ಲ.

ಈ ಅಭ್ಯಾಸ ಹಡಗಿನಲ್ಲಿ ಬಂದದ್ದು ಎಂದು ನಂಬಿದ್ದೆ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರಲ್ಲ, ಆ ಬಾಸೆಲ್ ಮಿಶನ್ನಿನ ಪೆಟ್ಟಿಗೆಯಲ್ಲಿ. 1841ರಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1847ರ ಹೊತ್ತಿಗೆ ತುಳುವಿನಲ್ಲಿ ಇಡೀ ಹೊಸ ಒಡಂಬಡಿಕೆಯೇ ಬಂತು. ಅಲ್ಲಿಯವರೆಗೆ ಪಾಡ್ದನಗಳನ್ನು ಗದ್ದೆಯ ಕೆಸರಿನಲ್ಲಿ ನಿಂತು ಬಾಯಿಂದ ಬಾಯಿಗೆ ದಾಟಿಸುತ್ತಿದ್ದ ಭಾಷೆ ಅದು; ಅಂಥ ಭಾಷೆಯ ಜನರ ಕೈಗೆ ಪುಸ್ತಕ ಬಂದರೆ ಅವರು ಅದನ್ನೂ ಬಾಯಿಗೆ ಹಾಕಿಕೊಳ್ಳದೆ ಇರುತ್ತಾರೆಯೇ?

ಬಾಸೆಲಿನವರ ಭಕ್ತಿಯ ಹಿಂದೆ ಜರ್ಮನಿಯ ಒಂದು ಊರಿನ ಕಥೆಯಿದೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹೆರ್ನ್‌ಹುಟ್ ಎಂಬ ಆ ಸಣ್ಣ ಊರಿನಲ್ಲಿ 1728ರ ಮೇ 3ರ ಸಂಜೆ ಕೌಂಟ್ ಝಿನ್‌ಜೆಂಡಾರ್ಫ್ ತನ್ನ ಜನರಿಗೆ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಬೆಳಿಗ್ಗೆ ಅದನ್ನು ಮನೆಮನೆಗೆ ಹೋಗಿ ಬಾಯಲ್ಲೇ ಮುಟ್ಟಿಸಿದರು. ಕಾಗದವಿಲ್ಲ, ಚೀಟಿಯಿಲ್ಲ, ಹಾಲು ಹಾಕಿ ಹೋದ ಹಾಗೆ ಬಾಗಿಲಿಗೊಂದು ವಾಕ್ಯ! 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಬರತೊಡಗಿ ಇಂದಿಗೂ ನಿಂತಿಲ್ಲ. ಅಮ್ಮನ 'ಇವತ್ತಿನ ವಾಕ್ಯ'ದ ಮೂಲ ಇಲ್ಲಿದೆ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಹಾಗಿರುವಾಗ ಆ ಪುಸ್ತಕ ಕೈಗೆ ಬಂತು. ದಪ್ಪ ಪುಸ್ತಕ, ಇಸವಿ 1907. ಸಂಪಾದಕರು ಜೋಸೆಫ್ ಎಲ್. ಸಲ್ಡಾನ್ಹಾ, ಪ್ರಕಾಶಕರು ಸೈಮನ್ ಆಲ್ವಾರಿಸ್, ಊರು ಬೋಳಾರ, ಮಂಗಳೂರು. ಬೋಳಾರ! ಮಂಗಳಾದೇವಿಯ ಬೋಳಾರ, ರೊಸಾರಿಯೊ ಇಗರ್ಜಿಯ ಬೋಳಾರ, ನಾನು ಸಾವಿರ ಸಲ ಬಸ್ಸಿನಲ್ಲಿ ದಾಟಿದ ಬೋಳಾರ. ಒಳಗಿರುವುದು ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಪಾದ್ರಿ ಬರೆದ ಕ್ರಿಸ್ತ ಪುರಾಣ. ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಹುಟ್ಟಿ, 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದು, ನಲುವತ್ತು ವರ್ಷ ಅಲ್ಲೇ ಇದ್ದು 1619ರಲ್ಲಿ ತೀರಿಕೊಂಡವರು ಅವರು. ಬೈಬಲಿನ ಕಥೆಯನ್ನು ಸೃಷ್ಟಿಯಿಂದ ಹಿಡಿದು ಕ್ರಿಸ್ತನ ಸ್ವರ್ಗಾರೋಹಣದವರೆಗೆ, ಕೊಂಕಣಿ ಬೆರೆತ ಮರಾಠಿಯಲ್ಲಿ, ಜ್ಞಾನೇಶ್ವರ ಏಕನಾಥರು ಹಾಡಿದ ಅದೇ ಓವಿ ಛಂದಸ್ಸಿನಲ್ಲಿ ಹಾಡಿದ್ದಾರೆ. ಸ್ವರ್ಗಕ್ಕೆ ಅವರು ಇಟ್ಟ ಹೆಸರು ವೈಕುಂಠ. 95 ಅಧ್ಯಾಯ. ಓವಿಗಳ ಸಂಖ್ಯೆ 10,962.

ಆ ಕರೆಂಟ್ ಬಿಲ್ಲಿನ ಲೆಕ್ಕ ಇದರದ್ದೇ.

ಮೈ ಜುಮ್ಮೆನ್ನಿಸಿದ್ದು ಸಂಖ್ಯೆಯೊಂದೇ ಅಲ್ಲ. ಈ ಪುರಾಣ 1616ರಲ್ಲಿ ಮೊದಲು ಅಚ್ಚಾಯಿತು, 1649ರಲ್ಲಿ ಮತ್ತೆ, 1654ರಲ್ಲಿ ಮತ್ತೂ ಒಮ್ಮೆ. ಆ ಮೂರು ಮುದ್ರಣಗಳ ಒಂದೇ ಒಂದು ಪ್ರತಿ ಜಗತ್ತಿನ ಯಾವ ಗ್ರಂಥಾಲಯದಲ್ಲೂ ಸಿಕ್ಕಿಲ್ಲ. ಮುದ್ರಣಯಂತ್ರದಿಂದ ಮೂರು ಸಲ ಹೊರಬಂದ ಪುಸ್ತಕ ಮೂರು ಸಲವೂ ಮಾಯ! 1684ರಲ್ಲಿ ಗೋವೆಯ ಪೋರ್ಚುಗೀಸ್ ವೈಸ್‌ರಾಯ್ ಜನರು ಮೂರು ವರ್ಷದೊಳಗೆ ತಮ್ಮ ಭಾಷೆ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಕಾಲದಲ್ಲಿ ಈ ಪುರಾಣ ಉಳಿದದ್ದು ಕೈಬರಹದ ಪ್ರತಿಗಳಲ್ಲಿ ಮತ್ತು ಬಾಯಲ್ಲಿ. ಗೋವೆ ಬಿಟ್ಟು ಕನ್ನಡ ಕರಾವಳಿಗೆ ಇಳಿದು ಬಂದ ಕುಟುಂಬಗಳು ಇದನ್ನು ಜತೆಗೆ ತಂದವು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಇದು ಓದಿಸಿಕೊಂಡಿತು, ಹಾಡಿಸಿಕೊಂಡಿತು, ನಕಲಾಯಿತು. ಸಲ್ಡಾನ್ಹಾ ಅಂಥ ಹಸ್ತಪ್ರತಿಗಳನ್ನು ಕಲೆಹಾಕಿ, ಹೋಲಿಸಿ, 250 ವರ್ಷಗಳ ಬಳಿಕ ಪುನಃ ಅಚ್ಚಿಗೆ ಕೊಟ್ಟರು. ದೇವನಾಗರಿ ಲಿಪಿಯ ಇನ್ನೊಂದು ಪ್ರತಿ ಲಂಡನ್ನಿನಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಅದೂ ಆದ ಮೇಲೆ. ಲಂಡನ್ನಿಗಿಂತ ಮೊದಲು ಬೋಳಾರ!

ಮಧ್ಯೆ 1784 ಇದೆ. ಆ ವರ್ಷ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು ಮರಳಿದ್ದು 1799ರ ನಂತರ. ಇಗರ್ಜಿಗಳು ನೆಲಸಮವಾಗಿದ್ದವು, 1568ರಷ್ಟು ಹಿಂದೆ ಶುರುವಾಗಿದ್ದ ರೊಸಾರಿಯೊ ಕೂಡ. ಪಾದ್ರಿಗಳಿಲ್ಲದ, ಪೂಜೆಯಿಲ್ಲದ, ಪುಸ್ತಕವಿಲ್ಲದ ಹದಿನೈದು ವರ್ಷ. ಆ ದಿನಗಳಲ್ಲಿ ಮನಸ್ಸಿಗೆ ಆಧಾರವಾದದ್ದು ಈ ಪುರಾಣದ ಓವಿಗಳು ಎಂಬ ಮಾತು ಮಂಗಳೂರಿನ ಕ್ರೈಸ್ತರಲ್ಲಿ ತಲೆಮಾರುಗಳಿಂದ ಬಂದಿದೆ. ಘಟ್ಟ ಹತ್ತುವವರ ಗಂಟಿನಲ್ಲಿ ಏನಿತ್ತೋ ಏನಿಲ್ಲವೋ. ಗಂಟು ಬಿಚ್ಚಿ ನೋಡುವವರಿಗೆ ಕಾಣದ ಜಾಗದಲ್ಲಿ ಒಂದಷ್ಟು ಓವಿಗಳು ಇದ್ದವು ಎಂದು ನೆನೆದರೆ, ಈಗಲೂ, ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತದೆ.

ಓವಿ ಯಾಕೆ? ಅದರ ನಡಿಗೆ ಒಮ್ಮೆ ಕಿವಿಗೆ ಬಿದ್ದರೆ ಉತ್ತರ ಸಿಗುತ್ತದೆ. ಮೂರು ಸಾಲು ಒಂದೇ ಪ್ರಾಸದಲ್ಲಿ ಓಡುತ್ತವೆ, ನಾಲ್ಕನೆಯದು ಗಿಡ್ಡ, ಪ್ರಾಸ ಬಿಟ್ಟು ತಟ್ಟನೆ ನಿಲ್ಲುತ್ತದೆ. ಬೀಸುಕಲ್ಲಿನ ಗೂಟ ಹಿಡಿದು ಸುತ್ತಿದವರಿಗೆ ಈ ಲಯ ಹೊಸತಲ್ಲ. ಮರಾಠಿ ಹೆಂಗಸರು ಕಲ್ಲಿನ ಮುಂದೆ ಓವಿ ಹಾಡಿದರು, ನಮ್ಮವರು ತ್ರಿಪದಿ ಹಾಡಿದರು. ಮೊದಲ ಸಾಲಿನ ಕೊನೆಯ ಅಕ್ಷರವೇ ಎರಡನೆಯದನ್ನು ಕೈಹಿಡಿದು ಕರೆಯುತ್ತದೆ, ಎರಡನೆಯದು ಮೂರನೆಯದನ್ನು. ಮರೆಯಬೇಕೆಂದರೂ ಬಿಡುವುದಿಲ್ಲ. ಹೀಬ್ರೂ ಕವಿಗಳಿಗೂ ಈ ಗುಟ್ಟು ಗೊತ್ತಿತ್ತು. 119ನೆಯ ಕೀರ್ತನೆಯಲ್ಲಿ 176 ವಾಕ್ಯಗಳಿವೆ. ಹೀಬ್ರೂ ಅಕ್ಷರಗಳು 22, ಒಂದೊಂದು ಅಕ್ಷರದಿಂದ ಶುರುವಾಗುವ ಎಂಟೆಂಟು ವಾಕ್ಯ. ಅಕ್ಷರಮಾಲೆ ಬಲ್ಲ ಮಗುವಿಗೆ ದಾರಿ ತಪ್ಪಲು ಸಾಧ್ಯವೇ ಇಲ್ಲ. ಕನ್ನಡದ ಅನುವಾದಕ್ಕೆ ಆ ಏಣಿ ದಾಟಿ ಬರಲಿಲ್ಲ, ಆದ್ದರಿಂದಲೇ ಸಂಡೇ ಸ್ಕೂಲಿನಲ್ಲಿ ಆ ಕೀರ್ತನೆ ಕಂಡರೆ ನಮಗೆ ಅಷ್ಟು ಹೆದರಿಕೆ.

ಇಷ್ಟಾದ ಮೇಲೆ ಬೋಳಾರದ ಇಗರ್ಜಿಯ ಹೆಸರೇ ಬೇರೆಯಾಗಿ ಕೇಳತೊಡಗಿತು. ರೊಸಾರಿಯೊ ಎಂದರೆ ಜಪಮಾಲೆ. ಸಂಜೆ ದೀಪ ಹಚ್ಚಿದ ಮೇಲೆ ನೆರೆಮನೆಯ ಕೊಂಕಣಿ ಕುಟುಂಬ ಮೊಣಕಾಲೂರಿ ಹೇಳುವ ತೆರ್ಸ್ ಅದೇ. ಆ ಗುನುಗು ಕೇಳುತ್ತಲೇ ನಾನು ಶಾಲೆಯ ಲೆಕ್ಕ ಮಾಡಿದವ, ಆದರೆ ಅದರ ಅಂಕಿಯ ಹಿಂದೇನಿದೆ ಎಂದು ಯೋಚಿಸಿದವನಲ್ಲ. ಪೂರ್ತಿ ಜಪಮಾಲೆಯಲ್ಲಿ ಮರಿಯಳ ಪ್ರಾರ್ಥನೆ 150 ಸಲ ಬರುತ್ತಿತ್ತು. ಕೀರ್ತನೆಗಳ ಸಂಖ್ಯೆಯೂ 150! ಮಠದ ಸನ್ಯಾಸಿಗಳು 150 ಕೀರ್ತನೆಗಳನ್ನು ಹೇಳುತ್ತಿದ್ದರೆ, ಓದು ಬಾರದ ರೈತನೂ ಅಗಸಗಿತ್ತಿಯೂ ಅಷ್ಟೇ ಮಣಿಗಳನ್ನು ಬೆರಳಲ್ಲಿ ಎಣಿಸಿದರು. ಬಡವರ ಕೀರ್ತನೆ ಪುಸ್ತಕ ಎಂದು ಯುರೋಪಿನಲ್ಲಿ ಅದನ್ನು ಕರೆದದ್ದು ಅದಕ್ಕೇ. ಗೋಡೆಯ ಆಚೆ ತೆರ್ಸ್, ಈಚೆ ವಾಕ್ಯ. ನಡುವೆ ಒಂದು ಕೆಂಪುಕಲ್ಲಿನ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ!

ಬೆರಗಾದವನು ಸುಮ್ಮನೆ ಕೂರಲಾರ. ಕಾಲೇಜಿಗೆ ಹೋದಾಗ ಬಿಟ್ಟಿದ್ದ ಅಭ್ಯಾಸವನ್ನು ಮರುದಿನದಿಂದಲೇ ಹಿಡಿದೆ. ಬೆಳಿಗ್ಗೆ ಒಂದು ವಾಕ್ಯವನ್ನು ಗಟ್ಟಿಯಾಗಿ ಮೂರು ಸಲ ಓದಿ ಪುಸ್ತಕ ಮುಚ್ಚುತ್ತೇನೆ. ಬಲ್ಮಠದ ಏರು ಹತ್ತುವಾಗ ಹೆಜ್ಜೆಗೊಂದು ಪದ. ಏರು ಮುಗಿದಾಗ ವಾಕ್ಯ ಮುಗಿಯಬೇಕು. ಸಿಕ್ಕಿಹಾಕಿಕೊಂಡರೆ ಪುಸ್ತಕ ತೆರೆಯುವುದಿಲ್ಲ. ತಡಕಾಡುತ್ತೇನೆ, ನಿಲ್ಲುತ್ತೇನೆ, ಹಿಂದೆ ಹೋಗಿ ಪುನಃ ಬರುತ್ತೇನೆ. ಗಟ್ಟಿಯಾಗುವುದು ಆ ತಡಕಾಟದಲ್ಲಿಯೇ. ಹತ್ತು ಸಲ ಓದುವುದಕ್ಕಿಂತ ಪುಸ್ತಕ ಮುಚ್ಚಿ ಒಂದು ಸಲ ನೆನಪಿನಿಂದ ಎಳೆದು ತೆಗೆಯುವುದು ಮೇಲು ಎಂದು ಮನಶ್ಶಾಸ್ತ್ರಜ್ಞರು ಇಂದು ಹೇಳುತ್ತಾರೆ, ಸಂಡೇ ಸ್ಕೂಲಿನ ಟೀಚರ್ ಅಂದೇ ಪುಸ್ತಕ ಕಿತ್ತುಕೊಂಡು ನಿಲ್ಲಿಸುತ್ತಿದ್ದರು. ಹೊಸದು ಆದ ಮೇಲೆ ನಿನ್ನೆಯದು, ಕಳೆದ ವಾರದ್ದು, ಕಳೆದ ತಿಂಗಳದ್ದು ಒಂದೊಂದು. ಹತ್ತು ನಿಮಿಷ ಹಿಡಿಯುವುದಿಲ್ಲ.

ಈ ಅಂತರದ ಲೆಕ್ಕ ಹುಡುಕುತ್ತ ಹೋದಾಗ ಹೆರ್ಮನ್ ಎಬ್ಬಿಂಗ್‌ಹೌಸ್ ಸಿಕ್ಕಿದ. 1885ರಲ್ಲಿ ನೆನಪಿನ ಬಗ್ಗೆ ಪುಸ್ತಕ ಬರೆದ ಜರ್ಮನ್. ಪ್ರಯೋಗಕ್ಕೆ ಇಲಿಯಿಲ್ಲ, ವಿದ್ಯಾರ್ಥಿಯಿಲ್ಲ, ತಾನೊಬ್ಬನೇ. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿದ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಗಡಿಯಾರ ಹಿಡಿದು ಬರೆದಿಟ್ಟ. ಜತೆಗೆ ಬೈರನ್ನನ ಕಾವ್ಯದ ಪದ್ಯಗಳನ್ನೂ ಕಲಿತು ನೋಡಿದ. ಅರ್ಥವೂ ಪ್ರಾಸವೂ ಇರುವ ಪದ್ಯಕ್ಕೆ, ಅರ್ಥವಿಲ್ಲದ ಉಚ್ಚಾರಗಳಿಗೆ ಬೇಕಾದ ಶ್ರಮದ ಹತ್ತನೆಯ ಒಂದು ಪಾಲು ಸಾಕಾಯಿತು! ಸ್ಟೀಫನ್ಸರು ಮಕ್ಕಳಿಗೆ ಧರ್ಮಪಾಠದ ಪ್ರಶ್ನೋತ್ತರವೊಂದೇ ಸಾಲದೆಂದು ಓವಿಗೆ ಕೈಹಾಕಿದ್ದು ಎಂಥ ಸರಿಯಾದ ಕೆಲಸ ಎಂದು ಈ ಅಂಕಿ ಕಂಡಾಗ ತಿಳಿಯಿತು. ಇನ್ನೂ ಇದೆ. 22 ವರ್ಷಗಳ ನಂತರ ಅದೇ ಎಬ್ಬಿಂಗ್‌ಹೌಸ್ ಆ ಹಳೆಯ ಪದ್ಯಗಳನ್ನು ತೆಗೆದು ನೋಡಿದ. ಒಂದೂ ನೆನಪಿರಲಿಲ್ಲ, ಪೂರ್ತಿ ಅಳಿಸಿಹೋದಂತಿತ್ತು. ಪುನಃ ಕಲಿಯಲು ಕೂತಾಗ ಮಾತ್ರ, ಹೊಸ ಪದ್ಯಗಳಿಗಿಂತ ಅವು ಬೇಗ ಬಂದವು. ಮರೆತಿದ್ದೇನೆ ಎಂದು ಅವನು ತಿಳಿದಿದ್ದ ಜಾಗದಲ್ಲಿ ಏನೋ ಉಳಿದಿತ್ತು.

ನನಗೂ ಅದೇ ಆಯಿತು. ಮೂವತ್ತು ವರ್ಷ ಬಾಯಿಗೆ ಬಾರದಿದ್ದ ಕೀರ್ತನೆಯೊಂದನ್ನು ಕಲಿಯಲು ಕೂತೆ. ಮೂರನೆಯ ವಾಕ್ಯದ ಹೊತ್ತಿಗೆ ಪುಸ್ತಕಕ್ಕಿಂತ ಮುಂದೆ ಹೋಗಿದ್ದೆ. ಪುಸ್ತಕದಲ್ಲಿ ಹೊಸ ಅನುವಾದ ಇತ್ತು, ನನ್ನ ಬಾಯಿಂದ ಬಂದದ್ದು ಹಳೆಯದು. ಜತೆಗೇ ಒಲೆಯ ಹೊಗೆ, ಕುಚ್ಚಲಕ್ಕಿ ಗಂಜಿಯ ವಾಸನೆ, ಸಂಖ್ಯೆ ತಪ್ಪಿದಾಗ ಅಮ್ಮ ಎತ್ತುತ್ತಿದ್ದ ಹುಬ್ಬು.

ಸುವಾರ್ತೆಗಳಲ್ಲಿ ವಾಕ್ಯಗಳಿಗೆ ಇಂದಿನ ಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನಿಂದ. ಅದಕ್ಕೂ ಮೊದಲಿನ ಒಂದೂವರೆ ಸಾವಿರ ವರ್ಷ ಯಾರೂ ಸಂಖ್ಯೆ ಹೇಳಿ ವಾಕ್ಯ ಒಪ್ಪಿಸಿರಲಿಲ್ಲ. ಅಮ್ಮನಿಗೆ ಇದನ್ನು ಹೇಳಬೇಕಿತ್ತು ಎಂದು ಅನಿಸಿತು.

ಕಳೆದ ಜನವರಿಯಲ್ಲಿ ನೆರೆಮನೆಯ ಮದುವೆ. ಮುನ್ನಾದಿನ ರೋಸ್ ಶಾಸ್ತ್ರ, ತೆಂಗಿನ ಹಾಲು ಹಚ್ಚಿ ಮದುಮಗಳಿಗೆ ಮೀಯಿಸುವುದು. ಹೆಂಗಸರು ವೊವಿಯೊ ಹಾಡತೊಡಗಿದರು. ಎಷ್ಟು ರೋಸ್‌ಗಳಲ್ಲಿ ಇದನ್ನು ಕೇಳಿದ್ದೇನೆ, ಎಷ್ಟು ಸಲ ಇದರ ನಡುವೆ ಮಾತಾಡುತ್ತ ತಿಂಡಿ ತಿಂದಿದ್ದೇನೆ! ಅಂದು ಮಾತ್ರ ತಟ್ಟೆ ಕೈಯಲ್ಲೇ ಉಳಿಯಿತು. ವೊವಿಯೊ, ಓವಿ, ಒಂದೇ ಮಾತು. ನಾನ್ನೂರು ವರ್ಷದ ಹಿಂದೆ ಸ್ಟೀಫನ್ಸರ ಕಿವಿಗೆ ಬಿದ್ದ ಹಾಡಿನ ವಂಶವೇ ನನ್ನ ಎದುರು, ತೆಂಗಿನ ಹಾಲು ಸುರಿಯುವ ಕೈಗಳ ನಡುವೆ ನಡೆಯುತ್ತಿತ್ತು. ಮುಂದಾಳಾಗಿ ಹಾಡುತ್ತಿದ್ದ ಅಜ್ಜಿಗೆ ಎಂಬತ್ತು ದಾಟಿರಬೇಕು, ಕೈಯಲ್ಲಿ ಚೀಟಿಯಿಲ್ಲ. ಒಂದು ಕಡೆ ಸಾಲು ತಪ್ಪಿ ತಡೆದರು, ಕಣ್ಣು ಮುಚ್ಚಿಕೊಂಡರು. ಯಾರೂ ನೆನಪಿಸಲು ಹೋಗಲಿಲ್ಲ. ಎಲ್ಲರೂ ಸೇರಿ ಹಿಂದಿನ ಸಾಲನ್ನೇ ಇನ್ನೊಮ್ಮೆ ಹಾಡಿದರು. ಅದರ ಕೊನೆಯ ಅಕ್ಷರ ಮುಗಿಯುವುದರೊಳಗೆ ಅಜ್ಜಿಯ ಬಾಯಿ ತೆರೆದಿತ್ತು.