ಶ್ವಾಸಶ್ರಮವೂ ಮುಖಕವಚವೂ

ಸ್ವಸ್ಥನು ವಿಶ್ರಾಂತನಾಗಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 5 ಪಾಲಿಗಿಂತ ಕಡಮೆಯೇ ಉಸಿರಾಟದ ದುಡಿಮೆಗೆ ಸಲ್ಲುತ್ತದೆ. ಮಧುಗಿರಿಯ ಏಕಶಿಲಾಬೆಟ್ಟವನ್ನೇರುವವನಿಗೆ ಈ ಶ್ರಮವು ಹೆಚ್ಚಿದರೂ ಕುಳಿತರೆ ತಗ್ಗುವುದು. ಶ್ವಾಸನಾಳಗಳು ಸಂಕುಚಿತವಾದ ರೋಗಿಗಾದರೋ ಕುಳಿತರೂ ಬಿಡುವಿಲ್ಲ. ಗಾಳಿಯು ಎದೆಯಲ್ಲಿಯೇ ಸಿಕ್ಕಿ, ವಪೆಯು ಚಪ್ಪಟೆಯಾಗಿ ಬಳಲುತ್ತದೆ. ಆಗ ಯಂತ್ರವು ಮುಖಕವಚದ ಮೂಲಕ ಉಸಿರೆಳೆಯುವಾಗ ಕೊಡುವ ಅಧಿಕ ಒತ್ತಡವು ಸ್ನಾಯುಗಳ ಭಾರವನ್ನು ಹಂಚಿಕೊಳ್ಳುವುದು. ಉಸಿರುಬಿಡುವಾಗ ಉಳಿಸುವ ಅಲ್ಪ ಒತ್ತಡವು ಸಿಕ್ಕಿದ ಗಾಳಿಯ ತಡೆಯನ್ನು ಸರಿದೂಗಿಸುವುದು. ಇಂತಹ ನೆರವಿನಿಂದ ವಪೆಯ ಶ್ರಮವು ತಗ್ಗುವುದೆಂದು 1990ರಲ್ಲಿ ಫ್ರಾನ್ಸಿನ ಬ್ರೊಶಾರ್ ಮೊದಲಾದವರು ತೋರಿಸಿದರು. ಆದರೆ ಕವಚವು ಸೋರಿದರೆ, ಯಂತ್ರದ ಗತಿಯು ರೋಗಿಯ ಗತಿಗೆ ಹೊಂದದಿದ್ದರೆ, ಶ್ರಮವು ಹೆಚ್ಚಲೂಬಹುದು. ಆದಕಾರಣ ಇದು ಸ್ನಾಯುಗಳಿಗೆ ವಿಶ್ರಾಂತಿಯೇ ಹೊರತು ಮೂಲರೋಗಕ್ಕೆ ಔಷಧವಲ್ಲ; ಬಳಲಿಕೆಯು ತಗ್ಗದಿದ್ದರೆ ಶ್ವಾಸನಾಳಕ್ಕೆ ಕೊಳವೆಯನ್ನಿಡಲು ತಡಮಾಡಲಾಗದೆಂದು ತಿಳಿಯತಕ್ಕದ್ದು.